ಹಿಮದ ಡೇರೆಯೂ ಕರಾವಳಿಯ ಮಕ್ಕಳೂ

ಕಳೆದ ವಾರ ನಮ್ಮ ಕಚೇರಿಯ ಮೆಟ್ಟಿಲು ಹತ್ತಿ ಬಂದ ವಾಚಕರೊಬ್ಬರು ಸುದ್ದಿ ಕೊಡಲು ಬಂದವರಲ್ಲ, ಜಾಹೀರಾತು ಕೊಡಲು ಬಂದವರೂ ಅಲ್ಲ. ಅವರ ಮಗಳು ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾಳೆ. ಕ್ರಿಸ್‌ಮಸ್ ರಜೆಗೆ ಊರಿಗೆ ಬರುವುದಿಲ್ಲ, ಗೆಳತಿಯರ ಜತೆ ಹಿಮಾಲಯಕ್ಕೆ ಹೋಗಿ ಹಿಮದ ಮೇಲೆ ಡೇರೆ ಹಾಕಿ ಮೂರು ರಾತ್ರಿ ಕಳೆಯುತ್ತೇನೆ ಎಂದು ಫೋನಿನಲ್ಲಿ ತಿಳಿಸಿದ್ದಾಳಂತೆ. "ಹಿಮವನ್ನು ನಾನು ಚಿತ್ರದಲ್ಲಿ ಬಿಟ್ಟು ಬೇರೆಲ್ಲಿಯೂ ನೋಡಿದವನಲ್ಲ. ಹೋಗು ಎನ್ನಲೋ, ಬೇಡ ಎನ್ನಲೋ? ನೀವು ಪತ್ರಿಕೆಯವರು, ನಿಮಗೆ ಗೊತ್ತಿರಬೇಕಲ್ಲ" ಎಂದು ಕೇಳಿದರು. ಒಂದು ಮಾತಿನಲ್ಲಿ ಉತ್ತರ ಹೇಳುವಂತಿರಲಿಲ್ಲ. ಪತ್ರಿಕೆಯಲ್ಲೇ ಬರೆಯುತ್ತೇವೆ ಎಂದು ಅವರನ್ನು ಕಳುಹಿಸಿಕೊಟ್ಟೆವು. ಇದೇ ಪ್ರಶ್ನೆ ಇನ್ನೂ ಹಲವು ಮನೆಗಳಲ್ಲಿ ಎದ್ದಿರುವುದು ನಮಗೆ ಗೊತ್ತು.

ಒಂದು ಕಾಲಕ್ಕೆ ನಮ್ಮವರು ಹಿಮಾಲಯಕ್ಕೆ ಹೋಗುತ್ತಿದ್ದುದು ಬೇಸಿಗೆಯಲ್ಲಿ, ಬದರಿ ಕೇದಾರಗಳಿಗೆ, ಅದೂ ಮಕ್ಕಳ ಮದುವೆ ಮುಗಿಸಿದ ಬಳಿಕ. ಈಗ ಹೋಗುತ್ತಿರುವವರು ಇಪ್ಪತ್ತೈದು ದಾಟದವರು. ಹೋಗುವುದು ಮಾಗಿಯಲ್ಲಿ. ನೋಡಲು ಬಯಸುವುದು ದೇವಸ್ಥಾನವನ್ನಲ್ಲ, ಬರಿಯ ಬಿಳುಪನ್ನು. ಇದನ್ನು ಹುಚ್ಚು ಎಂದು ತಳ್ಳಿಹಾಕಲು ನಾವು ಸಿದ್ಧರಿಲ್ಲ. ಸಮುದ್ರವನ್ನೇ ಕಾಣದ ಗಢವಾಲದ ಹುಡುಗನೊಬ್ಬ ಬೇಕಲದ ದಂಡೆಯಲ್ಲಿ ಒಂದು ರಾತ್ರಿ ಮಲಗಬೇಕೆಂದು ಬಯಸಿದರೆ ನಾವು ನಗುತ್ತೇವೆಯೇ? ಆದರೆ ಮಳೆಗಾಲದ ಕಡಲಿಗೆ ಇಳಿಯುವುದಾದರೆ ಅವನನ್ನು ತಡೆದು ನಾಲ್ಕು ಮಾತು ಹೇಳುತ್ತೇವೆ. ಹಿಮದ ವಿಷಯದಲ್ಲಿ ಆ ನಾಲ್ಕು ಮಾತುಗಳನ್ನು ನಮ್ಮ ಮಕ್ಕಳಿಗೆ ಹೇಳುವವರು ಯಾರು ಎಂಬುದೇ ಪ್ರಶ್ನೆ.

ದೇವರು ಇಳಿಯುವಾಗ ನಾವು ಏರುವುದು

ಗಮನಿಸತಕ್ಕ ಸಂಗತಿಯೊಂದಿದೆ. ಚಳಿಗಾಲದಲ್ಲಿ ಹಿಮಾಲಯದ ಎತ್ತರದ ಹಲವು ಊರುಗಳಲ್ಲಿ ಜನ ಉಳಿಯುವ ರೂಢಿಯೇ ಇರಲಿಲ್ಲ. ಮಾಣಾ, ನೀತಿ ಕಣಿವೆಗಳ ಜನ ದನಕುರಿಗಳೊಂದಿಗೆ ಕೆಳಗಿನ ಊರುಗಳಿಗೆ ಇಳಿಯುತ್ತಿದ್ದರು, ಇಂದಿಗೂ ಇಳಿಯುತ್ತಾರೆ. ದೇವರಿಗೂ ಅದೇ ನಿಯಮ. ದೀಪಾವಳಿಯ ಹೊತ್ತಿಗೆ ಗಂಗೋತ್ರಿಯಿಂದ ಗಂಗೆಯ ಮೂರ್ತಿ ಮುಖ್ಬಾಕ್ಕೆ ಬರುತ್ತದೆ, ಯಮುನೋತ್ರಿಯ ದೇವಿ ಖರ್ಸಾಲಿಗೆ, ತುಂಗನಾಥನು ಮಕ್ಕುಮಠಕ್ಕೆ. ಸಾವಿರಾರು ವರ್ಷ ಅಲ್ಲಿ ಬದುಕಿದವರು ಚಳಿಗಾಲದ ಬೆಟ್ಟದ ಕುರಿತು ಮಾಡಿಕೊಂಡ ತೀರ್ಮಾನವಿದು. ಇನ್ನೊಂದು ಕಡೆ, ಮನಾಲಿಯ ಬಳಿಯ ಗೋಶಾಲ್ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಮಕರ ಸಂಕ್ರಾಂತಿಯಿಂದ 42 ದಿನ ರೇಡಿಯೋ, ಟೆಲಿವಿಷನ್ ಹಚ್ಚುವುದಿಲ್ಲ, ಎತ್ತರದ ದನಿಯಲ್ಲಿ ಮಾತಾಡುವುದಿಲ್ಲ, ಹೊಲ ಅಗೆಯುವುದಿಲ್ಲ. ದೇವರು ತಪಸ್ಸಿನಲ್ಲಿದ್ದಾನೆ ಎಂಬ ನಂಬಿಕೆ. ಅದೇ ದಿನಗಳಲ್ಲಿ ಅದೇ ಕಣಿವೆಯ ರಸ್ತೆಯಲ್ಲಿ ಪ್ರವಾಸಿಗಳ ಕಾರುಗಳು ಹಾರ್ನು ಬಾರಿಸುತ್ತ ಸಾಲುಗಟ್ಟಿರುತ್ತವೆ.

ಈ ತಿರುವು ತಾನಾಗಿ ಬಂದದ್ದಲ್ಲ, ಸರಕಾರಗಳು ತಂದದ್ದು. 2020ರ ಅಕ್ಟೋಬರ್ 3ರಂದು ರೋಹತಾಂಗದ ಕೆಳಗೆ ಕೊರೆದ 9 ಕಿಲೋಮೀಟರಿನ ಅಟಲ್ ಸುರಂಗ ತೆರೆಯಿತು. ಚಳಿಗಾಲದ ಆರು ತಿಂಗಳು ಹೊರಜಗತ್ತಿನ ಸಂಪರ್ಕವೇ ಇಲ್ಲದಿದ್ದ ಲಾಹೌಲ್ ಕಣಿವೆ ಮನಾಲಿಯಿಂದ ಒಂದು ಮಧ್ಯಾಹ್ನದ ಪ್ರವಾಸವಾಯಿತು. ರೋಗಿಯೊಬ್ಬನನ್ನು ಆಸ್ಪತ್ರೆಗೆ ಸಾಗಿಸಲು ಹೆಲಿಕಾಪ್ಟರಿಗೆ ಕಾಯುತ್ತಿದ್ದ ಲಾಹೌಲಿನ ಜನಕ್ಕೆ ಇದು ವರವೇ ಸರಿ. ಅದನ್ನು ಮರೆತು ಟೀಕಿಸುವುದು ಅನ್ಯಾಯ. ಉತ್ತರಾಖಂಡದಲ್ಲಿ 2025ರ ಮಾರ್ಚ್ 6ರಂದು ಪ್ರಧಾನಮಂತ್ರಿಗಳೇ ಮುಖ್ಬಾ ಮತ್ತು ಹರ್ಸಿಲ್‌ಗೆ ಹೋಗಿ, ಚಳಿಗಾಲದಲ್ಲೂ ಬನ್ನಿ ಎಂದು ದೇಶಕ್ಕೆ ಕರೆ ಕೊಟ್ಟರು. ಐದು ತಿಂಗಳು ಕಳೆಯುವಷ್ಟರಲ್ಲಿ, ಆಗಸ್ಟ್ 5ರಂದು, ಹರ್ಸಿಲ್‌ನ ಮಗ್ಗುಲಲ್ಲಿರುವ ಧರಾಲಿಯ ಮೇಲೆ ಖೀರ್‌ಗಾಡ್ ಹಳ್ಳದಿಂದ ಕಲ್ಲುಮಣ್ಣು ನುಗ್ಗಿ ಬಂತು. ಹೊಟೇಲುಗಳೂ ತಂಗುಮನೆಗಳೂ ಕೆಲವೇ ಕ್ಷಣಗಳಲ್ಲಿ ಮುಚ್ಚಿಹೋದುದನ್ನು ಎಲ್ಲರೂ ಮೊಬೈಲಿನಲ್ಲಿ ನೋಡಿದ್ದಾರೆ. ಅದು ಮಳೆಗಾಲದ ಅನಾಹುತ, ಚಳಿಗಾಲದ್ದಲ್ಲ. ಆದರೆ ಪ್ರವಾಸಿಗಳಿಗಾಗಿ ಕಟ್ಟುವ ಮನೆಗಳಿಗೆ ಅಲ್ಲಿರುವ ಸಮತಟ್ಟಾದ ನೆಲ ಹೆಚ್ಚಾಗಿ ಹಳ್ಳದ ದಂಡೆಯೇ ಎಂಬುದನ್ನು ಚಳಿಗಾಲದ ಅತಿಥಿಯೂ ತಿಳಿದಿರುವುದು ಒಳ್ಳೆಯದು.

ಹಿಮವೇ ಬಾರದಿದ್ದರೆ?

ಜಾಹೀರಾತುಗಳಲ್ಲಿ ಡಿಸೆಂಬರ್ ಎಂದರೆ ಹಿಮ. ನಿಜಸ್ಥಿತಿ ಹಾಗಿಲ್ಲ.

ನಮ್ಮಲ್ಲಿ ಮಳೆಗೆ ಪಂಚಾಂಗವಿದೆ. ಆರಿದ್ರೆ, ಪುನರ್ವಸು, ಪುಷ್ಯ ಎಂದು ಹೆಸರಿಟ್ಟು ಕರೆಯುತ್ತೇವೆ. ಮಳೆ ನಾಲ್ಕು ದಿನ ತಪ್ಪಿದರೂ ಬಂದೇ ಬರುತ್ತದೆ. ಹಿಮಾಲಯದ ಚಳಿಗಾಲದ ಹಿಮಕ್ಕೆ ಅಂಥ ಗೊತ್ತುಪಾಡಿಲ್ಲ. ಅದು ನಮ್ಮ ಅರಬೀಸಮುದ್ರದ ಮಾರುತದಿಂದ ಬರುವುದಲ್ಲ. ಮೆಡಿಟರೇನಿಯನ್, ಕ್ಯಾಸ್ಪಿಯನ್ ಸಮುದ್ರಗಳ ಕಡೆ ಹುಟ್ಟಿ, ಇರಾನ್, ಆಫ್ಘಾನಿಸ್ತಾನಗಳನ್ನು ದಾಟಿ ಎತ್ತರದ ಪಶ್ಚಿಮ ಗಾಳಿಯೊಂದಿಗೆ ತೇಲಿಬರುವ ಮೋಡದ ಅಲೆಗಳು ಅದನ್ನು ತರುತ್ತವೆ. ಹವಾಮಾನ ಇಲಾಖೆ ಇವನ್ನು ಪಶ್ಚಿಮದ ಕ್ಷೋಭೆ ಎನ್ನುತ್ತದೆ. ಒಂದು ಚಳಿಗಾಲದಲ್ಲಿ ಇಂಥ ಅಲೆಗಳು ಹಲವು ಬರುತ್ತವೆ. ಆದರೆ ಎಷ್ಟು ಬಲವಾಗಿ, ಯಾವ ವಾರ, ಯಾವ ಕಣಿವೆಗೆ ಎಂದು ಎರಡು ತಿಂಗಳ ಮೊದಲು ಹೇಳಬಲ್ಲವರಿಲ್ಲ.

2024ರ ಜನವರಿಯಲ್ಲಿ ಗುಲ್ಮಾರ್ಗ್ ಬೋಳಾಗಿತ್ತು. ಸಮುದ್ರಮಟ್ಟದಿಂದ ಸುಮಾರು 8,700 ಅಡಿ ಎತ್ತರದ ಆ ಹುಲ್ಲುಗಾವಲು ಹಿಮದ ಮೇಲೆ ಜಾರುವ ಆಟಕ್ಕೆ ಲೋಕಪ್ರಸಿದ್ಧ. ಆ ತಿಂಗಳ ಬಹುಭಾಗ ಅಲ್ಲಿ ಕಂಡದ್ದು ಒಣಗಿದ ಹುಲ್ಲು. ತಿಂಗಳ ಕೊನೆಗಷ್ಟೇ ಹಿಮ ಬಿತ್ತು. 2025ರ ಫೆಬ್ರವರಿಯಲ್ಲಿ ಅಲ್ಲಿ ನಡೆಯಬೇಕಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳನ್ನು ಹಿಮ ಸಾಲದೆ ಮುಂದೂಡಬೇಕಾಯಿತು, ಮಾರ್ಚಿನಲ್ಲಿ ನಡೆದವು. ಉತ್ತರಾಖಂಡದ ಔಲಿಯೂ ಇಂಥ ನಿರಾಶೆಯನ್ನು ಕಂಡಿದೆ. ಕಾಠ್ಮಂಡುವಿನ ಐಸಿಮೋಡ್ ಎಂಬ ಅಂತಾರಾಷ್ಟ್ರೀಯ ಪರ್ವತ ಅಧ್ಯಯನ ಕೇಂದ್ರವು ಹಿಂದೂಕುಶದಿಂದ ಹಿಮಾಲಯದವರೆಗೆ ಹಿಮದ ಹೊದಿಕೆಯನ್ನು ಉಪಗ್ರಹಗಳ ಮೂಲಕ ಪ್ರತಿವರ್ಷ ಅಳೆಯುತ್ತದೆ. 2024ರ ಚಳಿಗಾಲದಲ್ಲಿ ಹಿಮ ನೆಲದ ಮೇಲೆ ಉಳಿದ ಪ್ರಮಾಣ ಸಾಮಾನ್ಯಕ್ಕಿಂತ ಶೇಕಡ 18.5 ಕಡಿಮೆ. 2025ರಲ್ಲಿ ಶೇಕಡ 23.6 ಕಡಿಮೆ, 23 ವರ್ಷಗಳಲ್ಲೇ ಅತಿ ಕಡಿಮೆ. ಪ್ರವಾಸಿಗೆ ಇದು ಹಾಳಾದ ರಜೆ. ಗಂಗೆ, ಸಿಂಧುಗಳ ನೀರನ್ನು ನಂಬಿದ ಬಯಲಿನ ರೈತನಿಗೆ ಇದು ಏಪ್ರಿಲ್ ತಿಂಗಳ ನೀರು. ಹಿಮಾಚಲದ ಸೇಬಿನ ತೋಟದವನಿಗೆ ಮುಂದಿನ ಬೆಳೆ. ಸೇಬಿನ ಮರಕ್ಕೆ ಹೂ ಬಿಡಲು ಇಂತಿಷ್ಟು ಗಂಟೆಗಳ ಚಳಿ ಸಿಕ್ಕಲೇಬೇಕು. ಒಂದು ಮಳೆ ತಪ್ಪಿದರೆ ಅಡಿಕೆಯ ಹಿಂಗಾರ ಏನಾಗುತ್ತದೆಂದು ಬಲ್ಲ ನಮ್ಮ ವಾಚಕರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಹಿಮ ತಡವಾಗಿ ಬಂದರೆ ಸಾಕೆ? ಅದೂ ಇಲ್ಲ. ತಡವಾದ ಹಿಮ ಕೆಲವೊಮ್ಮೆ ಒಮ್ಮೆಲೇ ಸುರಿಯುತ್ತದೆ. 2025ರ ಫೆಬ್ರವರಿ 28ರಂದು ಬದರಿಯ ಬಳಿಯ ಮಾಣಾದಲ್ಲಿ ರಸ್ತೆ ಕೆಲಸದವರ ಶಿಬಿರದ ಮೇಲೆ ಹಿಮದ ರಾಶಿ ಕುಸಿಯಿತು. 54 ಮಂದಿ ಸಿಕ್ಕಿಬಿದ್ದರು, 8 ಮಂದಿ ತೀರಿಕೊಂಡರು. ಅವರು ಮೋಜಿಗೆ ಹೋದವರಲ್ಲ. ನಾವು ನೀವು ಹೋಗುವ ರಸ್ತೆಯ ಹಿಮ ಸರಿಸುವ ಕೂಲಿಗಳು.

ಎಲ್ಲಿಗೆ ಹೋಗಬಹುದು

ಇಷ್ಟು ಹೇಳಿಯೂ ಹೋಗಬೇಡಿ ಎನ್ನುವುದು ನಮ್ಮ ಅಭಿಪ್ರಾಯವಲ್ಲ. ಜಾಗದ ಆಯ್ಕೆಯಲ್ಲೇ ಅರ್ಧ ವಿವೇಕವಿದೆ.

ಇಂದು ದಕ್ಷಿಣದ ತರುಣರು ಹೆಚ್ಚಾಗಿ ಹೋಗುವ ಜಾಗ ಉತ್ತರಕಾಶಿ ಜಿಲ್ಲೆಯ ಕೇದಾರಕಾಂಠ. ಹೆಸರು ಕೇಳಿ ಕೇದಾರನಾಥವೆಂದು ಭ್ರಮಿಸಬಾರದು. ಅದೇ ಬೇರೆ, ಇದೇ ಬೇರೆ. ಡೆಹರಾಡೂನಿನಿಂದ ಸುಮಾರು 200 ಕಿಲೋಮೀಟರು, ಇಡೀ ಹಗಲಿನ ಬಸ್ಸು ಪ್ರಯಾಣ, ಕೊನೆಗೆ ಸಾಂಕ್ರಿ ಎಂಬ ಹಳ್ಳಿ. ಮರದ ಮನೆಗಳು, ಸೇಬಿನ ತೋಟಗಳು, ರಾಜ್ಮಾ ಕಾಳಿನ ಹೊಲಗಳು. ಗೋವಿಂದ ಪಶುವಿಹಾರವೆಂಬ ಅಭಯಾರಣ್ಯದ ಒಳಗಿನ ಊರಿದು. ಇಲ್ಲಿಂದ ದೇವದಾರು, ಓಕ್ ಮರಗಳ ನಡುವೆ ಏರಿದರೆ ಸುಮಾರು 9,000 ಅಡಿಯಲ್ಲಿ ಜೂಡಾ ಕಾ ತಾಲಾಬ್ ಎಂಬ ಸಣ್ಣ ಕೆರೆ. ಮಾಗಿಯಲ್ಲಿ ಕೆರೆಯ ಮೈ ಗಟ್ಟಿಯಾಗಿರುತ್ತದೆ. ಸುತ್ತ ಮರಗಳ ಕೊಂಬೆಗಳು ಹಿಮದ ಭಾರಕ್ಕೆ ಬಾಗಿ ನಿಂತಿರುತ್ತವೆ. ಮೊದಲ ಡೇರೆ ಸಾಮಾನ್ಯವಾಗಿ ಇಲ್ಲಿ. ಎರಡನೆಯದು ಸುಮಾರು 11,000 ಅಡಿಯಲ್ಲಿ, ಮರಗಳು ಮುಗಿಯುವ ಅಂಚಿನಲ್ಲಿ. ಅಲ್ಲಿಂದ ಬೆಳಗಿನ ಜಾವ ಮೂರು ಗಂಟೆಗೆ ದೀಪ ಹಿಡಿದು ಹೊರಟವರು ಸೂರ್ಯೋದಯಕ್ಕೆ 12,500 ಅಡಿಯ ಶಿಖರದಲ್ಲಿರುತ್ತಾರೆ. ಎದುರಿಗೆ ಸ್ವರ್ಗಾರೋಹಿಣಿ, ಬಂದರ್‌ಪೂಂಛ್, ಕಾಲಾನಾಗ್. ಧರ್ಮರಾಜನು ನಾಯಿಯೊಂದಿಗೆ ಏರಿದ ದಾರಿ ಸ್ವರ್ಗಾರೋಹಿಣಿಯದೆಂದು ಅಲ್ಲಿಯ ಜನ ತೋರಿಸುತ್ತಾರೆ. ಯಕ್ಷಗಾನ ನೋಡಿ ಬೆಳೆದ ನಮ್ಮವರಿಗೆ ಆ ಹೆಸರು ಕಿವಿಗೆ ಬಿದ್ದೊಡನೆ ಬೇರೆಯೇ ಒಂದು ರೋಮಾಂಚ ಉಂಟಾದರೆ ಆಶ್ಚರ್ಯವಿಲ್ಲ.

ಆದರೆ ಡಿಸೆಂಬರಿನ ಕೊನೆಯ ವಾರದಲ್ಲಿ ಅದೇ ಶಿಖರದ ದಾರಿ ಜಾತ್ರೆಯ ಬೀದಿಯಂತಿರುತ್ತದೆ. ತುಳಿದು ತುಳಿದು ಗಾಜಿನಂತಾದ ಹಿಮದ ಮೇಲೆ ಕತ್ತಲಲ್ಲಿ ಸಾಲುಗಟ್ಟಿ ನಿಂತು ಚಳಿಯಲ್ಲಿ ಕಾಯಬೇಕು. ಹಿಮಾಲಯದಲ್ಲಿ ಏಕಾಂತ ಬಯಸಿ ಹೋದವರಿಗೆ ಅಕ್ಕಪಕ್ಕದ ಡೇರೆಯ ಹಾಡು ಕೇಳುವ ಯೋಗ. ಮೊದಲು ಚಳಿಗಾಲದಲ್ಲಿ ಕೆಲಸವಿಲ್ಲದೆ ಬಯಲಿಗೆ ಕೂಲಿಗೆ ಇಳಿಯಬೇಕಿದ್ದ ಹುಡುಗರು ಈಗ ತಮ್ಮ ಊರಲ್ಲೇ ದಾರಿತೋರುಗರಾಗಿ, ಹೇಸರಗತ್ತೆಗಳ ಒಡೆಯರಾಗಿ, ಅಡಿಗೆಯವರಾಗಿ ದುಡಿಯುತ್ತಾರೆ ಎಂಬುದು ಇದರ ಒಳ್ಳೆಯ ಮುಖ. ಆದುದರಿಂದ ಪೂರ್ತಿ ನಿಲ್ಲಿಸಿರೆಂದು ಹೇಳಲು ಬಾಯಿ ಬರುವುದಿಲ್ಲ. ದಿನಕ್ಕೆ ಇಂತಿಷ್ಟೇ ಜನ ಎಂಬ ಮಿತಿ ಹಾಕಿ ಅದನ್ನು ಕಟ್ಟುನಿಟ್ಟಾಗಿ ನಡೆಸಬೇಕು ಎಂಬುದಷ್ಟೇ ನಮ್ಮ ಮಾತು. ಉತ್ತರಾಖಂಡದ ಉಚ್ಚ ನ್ಯಾಯಾಲಯವು 2018ರ ಆಗಸ್ಟಿನಲ್ಲಿ ಬುಗ್ಯಾಲುಗಳಲ್ಲಿ, ಅಂದರೆ ಮರಗಳ ಸೀಮೆಗಿಂತ ಮೇಲಿರುವ ಹುಲ್ಲುಗಾವಲುಗಳಲ್ಲಿ, ರಾತ್ರಿ ತಂಗುವುದನ್ನೇ ನಿಷೇಧಿಸಿತು. ಹಗಲಿನಲ್ಲಿ ಹೋಗುವವರಿಗೂ 200ರ ಮಿತಿ ಇಟ್ಟಿತು. ಡೇರೆಯ ಕೆಳಗೆ ಹುಲ್ಲು ಸಾಯುತ್ತದೆ, ಆ ಎತ್ತರದಲ್ಲಿ ಸತ್ತ ಹುಲ್ಲು ಮತ್ತೆ ಚಿಗುರಲು ವರ್ಷಗಳು ಬೇಕು ಎಂಬುದು ಅದರ ಹಿಂದಿನ ಕಾಳಜಿ. ಚಳಿಗಾಲದಲ್ಲಿ ಹಿಮವೇ ಹುಲ್ಲಿಗೆ ಹೊದಿಕೆಯಲ್ಲವೇ ಎಂದು ವ್ಯಾಪಾರಿಗಳು ವಾದಿಸಬಹುದು. ಹಿಮ ಕರಗಿದಾಗ ಕೆಳಗಿನಿಂದ ಏಳುವ ಪ್ಲಾಸ್ಟಿಕ್ಕಿಗೂ ಮಲಮೂತ್ರಕ್ಕೂ ಯಾರು ಹೊಣೆ ಎಂಬುದಕ್ಕೆ ಆ ವಾದದಲ್ಲಿ ಉತ್ತರವಿಲ್ಲ.

ಜನಸಂದಣಿ ಬೇಡವೆನ್ನುವವರಿಗೆ ಚಮೋಲಿ ಜಿಲ್ಲೆಯ ಲೋಹಾಜಂಗಿನಿಂದ ಹೊರಡುವ ಬ್ರಹ್ಮತಾಲ್ ಇದೆ. ಎತ್ತರ ಹೆಚ್ಚುಕಡಿಮೆ ಕೇದಾರಕಾಂಠದಷ್ಟೇ. ತ್ರಿಶೂಲ, ನಂದಾಘುಂಟಿ ಶಿಖರಗಳು ಎದುರಿಗೇ ನಿಲ್ಲುತ್ತವೆ. ನಂದಾದೇವಿಯನ್ನು ಕಾಣಬಯಸುವವರಿಗೆ ಕುವಾರಿ ಪಾಸ್ ಉಂಟು, ಆದರೆ ಅದರ ದಾರಿ 2023ರ ಜನವರಿಯಲ್ಲಿ ನೆಲ ಕುಸಿದು ಮನೆಗಳು ಬಿರುಕುಬಿಟ್ಟ ಜೋಶಿಮಠದ ಮೂಲಕ. ಆ ತಿಂಗಳೇ ಔಲಿಯ ತೂಗುದೊಟ್ಟಿಲೂ ನಿಂತಿತು. ಚೋಪ್ತಾದಿಂದ ತುಂಗನಾಥದ ಕಡೆ ಹೋಗುವ ದಾರಿ ಸುಂದರ; ಮಾಗಿಯಲ್ಲಿ ಗುಡಿ ಮುಚ್ಚಿರುತ್ತದೆ, ದರ್ಶನದ ಆಸೆ ಬೇಡ. ಮೊದಲ ಬಾರಿ ಹೋಗುವವರಿಗೆ ನಾವು ಸೂಚಿಸುವುದಾದರೆ ಮಸ್ಸೂರಿಯ ಆಚೆಯ ನಾಗ್ ಟಿಬ್ಬಾ. ಸುಮಾರು 9,900 ಅಡಿ, ಎರಡು ದಿನದ ನಡಿಗೆ, ಒಂದೇ ರಾತ್ರಿಯ ಡೇರೆ. ತಡೆಯಲಾಗದಿದ್ದರೆ ಅರ್ಧ ದಿನದಲ್ಲಿ ಕೆಳಗಿನ ಹಳ್ಳಿಗೆ ಇಳಿದುಬಿಡಬಹುದು.

ಲಡಾಖಿನ ಝಂಸ್ಕಾರ್ ನದಿ ಹೆಪ್ಪುಗಟ್ಟಿದಾಗ ಅದರ ಮೇಲೆ ನಡೆಯುವ 'ಚಾದರ್' ಯಾತ್ರೆ ಇನ್ನೊಂದು ದರ್ಜೆಯದು. ಜನವರಿ, ಫೆಬ್ರವರಿಯಲ್ಲಿ ರಾತ್ರಿಯ ಉಷ್ಣತೆ ಶೂನ್ಯಕ್ಕಿಂತ 25 ಡಿಗ್ರಿ ಕೆಳಗೆ ಹೋಗುವುದುಂಟು. ಕಣಿವೆಯ ಹಳ್ಳಿಗಳ ಜನ ಲೇಹ್ ತಲುಪಲು ತಲೆತಲಾಂತರದಿಂದ ಬಳಸಿದ ದಾರಿಯಿದು, ಮಕ್ಕಳು ಶಾಲೆಗೆ ಹೋದದ್ದೂ ಇದೇ ಹೆಪ್ಪಿನ ಮೇಲೆ. 2024ರ ಮಾರ್ಚಿನಲ್ಲಿ ನಿಮ್ಮೂ, ಪದುಮ್, ದಾರ್ಚಾ ರಸ್ತೆ ಕೂಡಿಕೊಂಡ ಬಳಿಕ ಊರವರಿಗೆ ಅದರ ಅಗತ್ಯ ಕಡಿಮೆಯಾಗುತ್ತಿದೆ. ಅವರು ಬಿಟ್ಟ ಕಷ್ಟವನ್ನು ಪ್ರವಾಸಿಗಳು ಹಣ ಕೊಟ್ಟು ಕೊಳ್ಳುತ್ತಿದ್ದಾರೆ. ಮೊದಲ ಹಿಮ ನೋಡುವವರು ಇದರ ಹೆಸರೆತ್ತಬಾರದು. ಕಾಶ್ಮೀರದ ಮಾತು ಬೇರೆ. 2025ರ ಏಪ್ರಿಲ್ 22ರಂದು ಪಹಲ್ಗಾಮಿನ ಬೈಸರನ್ ಹುಲ್ಲುಗಾವಲಿನಲ್ಲಿ 26 ಮಂದಿಯನ್ನು ಗುಂಡಿಟ್ಟು ಕೊಂದ ಬಳಿಕ ಅಲ್ಲಿ ಯಾವ ಜಾಗ ತೆರೆದಿದೆ, ಯಾವುದು ಮುಚ್ಚಿದೆ ಎಂಬುದನ್ನು ಹೊರಡುವ ವಾರ ವಿಚಾರಿಸಿಯೇ ಹೋಗಬೇಕು.

ಬಚ್ಚಲೊಲೆಯ ಹೊಗೆ

ಈಗ ಆ ವಾಚಕರ ಭಯದ ಮಾತಿಗೆ ಬರೋಣ. ಅವರು ಹೆದರಿದ್ದು ಹಿಮಪಾತಕ್ಕೆ, ಪ್ರಪಾತಕ್ಕೆ. ನಾವು ಹೆದರುವುದು ಅದಕ್ಕಿಂತ ಸಣ್ಣದೊಂದಕ್ಕೆ.

2020ರ ಜನವರಿಯಲ್ಲಿ ನಮ್ಮದೇ ಕೇರಳದ ತಿರುವನಂತಪುರ, ಕೋಜಿಕೋಡ್ ಕಡೆಯ 15 ಮಂದಿ ನೇಪಾಳ ಪ್ರವಾಸಕ್ಕೆ ಹೋಗಿದ್ದರು. ಮರಳುವ ದಾರಿಯಲ್ಲಿ ದಾಮನ್ ಎಂಬ ಗಿರಿಧಾಮದಲ್ಲಿ ಒಂದು ರಾತ್ರಿ ತಂಗಿದರು. ದಾಮನ್ ಮಹಾ ಎತ್ತರದ ಜಾಗವೇನೂ ಅಲ್ಲ, ನಮ್ಮ ಊಟಿಗಿಂತ ತುಸುವೇ ಮೇಲೆ. ಡೇರೆಯೂ ಅಲ್ಲ, ತಂಗುಮನೆಯ ಕೋಣೆ. ಚಳಿ ತಾಳಲಾರದೆ ಎಂಟು ಮಂದಿ ಒಂದೇ ಕೋಣೆಯಲ್ಲಿ, ಬಾಗಿಲು ಕಿಟಕಿ ಭದ್ರಪಡಿಸಿ, ಗ್ಯಾಸಿನ ಹೀಟರು ಹಚ್ಚಿ ಮಲಗಿದರು. ಬೆಳಿಗ್ಗೆ ಎಂಟು ಮಂದಿಯೂ ಏಳಲಿಲ್ಲ. ಅವರಲ್ಲಿ ನಾಲ್ವರು ಮಕ್ಕಳು.

ಈ ಸುದ್ದಿಯನ್ನು ಅಂದು ಓದಿ ಕಣ್ಣೀರಿಟ್ಟವರು ಅದರ ಕಾರಣವನ್ನು ಇಂದು ಮರೆತಿರಬಹುದು. ನಾವು ಬೆಂಕಿಯೊಂದಿಗೆ ಬೆಳೆದವರು. ನಮ್ಮ ಹಳೆಯ ಮನೆಗಳಲ್ಲಿ ಬಚ್ಚಲೊಲೆ ಹಗಲಿರುಳು ಉರಿದರೂ ಯಾರಿಗೂ ಏನೂ ಆಗಲಿಲ್ಲ. ಏಕೆಂದರೆ ಮೇಲೆ ಹಂಚಿನ ಮಾಡು, ಹಂಚಿನ ಸಂದುಗಳಲ್ಲಿ ಹೊಗೆಗೆ ದಾರಿ, ಗೋಡೆಗೂ ಮಾಡಿಗೂ ನಡುವೆ ಗಾಳಿಗೆ ದಾರಿ. ನಮ್ಮ ಮನೆ ಸೆಕೆಗಾಗಿ ಕಟ್ಟಿದ್ದು. ಚಳಿಗಾಗಿ ಕಟ್ಟಿದ ಕೋಣೆಯಲ್ಲಿ, ಅದಕ್ಕಿಂತಲೂ ಝಿಪ್ಪು ಎಳೆದ ಡೇರೆಯಲ್ಲಿ, ಬೆಂಕಿಗೆ ಸಾಕಷ್ಟು ಗಾಳಿ ಸಿಗದೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತವು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅದನ್ನು ಹಿಡಿದುಕೊಳ್ಳುತ್ತದೆ. ಮಲಗಿದವನಿಗೆ ಉಸಿರುಕಟ್ಟಿದಂತೆಯೂ ಆಗುವುದಿಲ್ಲ. ನಿದ್ರೆ ಆಳವಾಗುತ್ತದೆ, ಅಷ್ಟೇ. 2022ರ ಜನವರಿಯಲ್ಲಿ ಪಾಕಿಸ್ತಾನದ ಮರ್ರೀ ಎಂಬ ಗಿರಿಧಾಮದಲ್ಲಿ ಹಿಮ ನೋಡಲು ಬಂದವರ ಸಾವಿರಾರು ಕಾರುಗಳು ರಾತ್ರಿಯ ಹಿಮಪಾತದಲ್ಲಿ ಹೂತುಹೋದಾಗ ಕನಿಷ್ಠ 22 ಮಂದಿ ತೀರಿಕೊಂಡರು. ಅವರಲ್ಲಿ ಕೆಲವರನ್ನು ಕೊಂದದ್ದು ಇದೇ ಅನಿಲ. ಎಂಜಿನ್ ಚಾಲೂ ಇಟ್ಟು ಬಿಸಿಗಾಳಿಯಲ್ಲಿ ಕುಳಿತಿದ್ದರು; ಹೊಗೆಕೊಳವೆಯ ಬಾಯಿಯನ್ನು ಹಿಮ ಮುಚ್ಚಿತ್ತು. ಮಗಳಿಗೆ ಒಂದೇ ಮಾತು ಹೇಳಲು ಸಮಯವಿದ್ದರೆ ಈ ಮಾತನ್ನು ಹೇಳಿ: ಡೇರೆಯ ಒಳಗೆ ಒಲೆ, ಅಗ್ಗಿಷ್ಟಿಕೆ, ಗ್ಯಾಸು ಯಾವುದೂ ಬೇಡ. ಎಷ್ಟೇ ಚಳಿಯಾಗಲಿ, ಡೇರೆಯ ಮೇಲಿನ ಗಾಳಿಕಿಂಡಿ ತೆರೆದೇ ಇರಲಿ.

ಹಾಗಾದರೆ ಬೆಚ್ಚಗಿರುವುದು ಹೇಗೆ? ಹೊಸದಾಗಿ ಬಿದ್ದ ಹಿಮದಲ್ಲಿ ಬಹುಪಾಲು ಗಾಳಿಯೇ ಇರುವುದರಿಂದ ಹಿಮವು ತಾನೇ ಒಂದು ಕಂಬಳಿ. ಶರೀರದ ಶಾಖವನ್ನು ಹೆಚ್ಚು ಕದಿಯುವುದು ಕೆಳಗಿನ ನೆಲ ಮತ್ತು ಒದ್ದೆ ಬಟ್ಟೆ. ಹೊದೆಯುವುದಕ್ಕಿಂತ ಹಾಸುವುದಕ್ಕೆ ಹೆಚ್ಚು ಗಮನ ಬೇಕು. ಹತ್ತಿ ಬಟ್ಟೆ ನಮ್ಮ ಸೆಕೆಗೆ ಅಮೃತ, ಅಲ್ಲಿ ವಿಷ. ಬೆವರಿಗೆ ಒದ್ದೆಯಾದರೆ ಒಣಗುವುದೇ ಇಲ್ಲ. ಅಜ್ಜಂದಿರ ಕಾಲದ ಉಣ್ಣೆಯೇ ಅಲ್ಲಿ ಲೇಸು, ಒದ್ದೆಯಾದರೂ ಅದು ಸ್ವಲ್ಪ ಬಿಸಿ ಉಳಿಸಿಕೊಡುತ್ತದೆ. ಮದ್ಯ ಕುಡಿದರೆ ಮೈ ಬೆಚ್ಚಗಾದಂತೆ ತೋರುವುದು ಚರ್ಮಕ್ಕೆ ರಕ್ತ ನುಗ್ಗಿ ಒಳಗಿನ ಶಾಖ ಹೊರಗೆ ಹೋಗುವುದರಿಂದ. ಇದನ್ನು ಗಂಡುಮಕ್ಕಳ ತಂದೆತಾಯಂದಿರು ವಿಶೇಷವಾಗಿ ಓದಬೇಕು.

ಎತ್ತರದ ಕಾಯಿಲೆಯೂ ಒಂದಿದೆ. ಕಡಲ ದಂಡೆಯಿಂದ ಹೊರಟವರು ಮೂರೇ ದಿನದಲ್ಲಿ 11,000 ಅಡಿಯಲ್ಲಿ ಮಲಗಿದರೆ ತಲೆನೋವು, ವಾಕರಿಕೆ ಬರುವುದು ಸಹಜ. ನಡೆಯುವಾಗ ತೂರಾಡುವುದು, ಕುಳಿತಲ್ಲೂ ಏದುಸಿರು ಬರುವುದು ಸಹಜವಲ್ಲ. ಆಗ ಮಾಡಬೇಕಾದದ್ದು ಒಂದೇ, ಕೆಳಗಿಳಿಯುವುದು. ಬೆಳಗಾಗಲಿ ಎಂದು ಕಾದರೆ ಬೆಳಗು ಕಾಣದಿರಬಹುದು. ಹಣ ಕೊಟ್ಟಿದ್ದೇವೆ, ಶಿಖರ ಮುಟ್ಟಲೇಬೇಕು ಎಂಬ ಹಟ ಸಲ್ಲದು.

ಕರ್ನಾಟಕದಿಂದ ಹೊರಟ ತಂಡವೊಂದರ ಗತಿ ಇನ್ನೂ ಹಳತಾಗಿಲ್ಲ. 2024ರ ಜೂನ್ ಮೊದಲ ವಾರ, ಉತ್ತರಾಖಂಡದ ಸಹಸ್ರತಾಲ್. 14,000 ಅಡಿಗೂ ಮೇಲ್ಪಟ್ಟ ದಾರಿಯಲ್ಲಿ 22 ಮಂದಿ ಹಿಂದಿರುಗುತ್ತಿದ್ದಾಗ ಹಿಮಗಾಳಿ ಎದ್ದಿತು. 9 ಮಂದಿ ತೀರಿಕೊಂಡರು. ಉಳಿದವರಲ್ಲಿ ಹಲವರನ್ನು ಜೂನ್ 5ರಂದು ಹೆಲಿಕಾಪ್ಟರುಗಳು ಇಳಿಸಿದವು. ಅವರಲ್ಲಿ ಹಲವರು ಬೆಟ್ಟ ಹತ್ತಿ ಅನುಭವವಿದ್ದವರೇ, ಹೊಸಬರೆಂದು ಜರೆಯುವಂತಿಲ್ಲ. ಅದು ಚಳಿಗಾಲವೂ ಅಲ್ಲ, ಬೇಸಿಗೆ. ಅವರಿಗೆ ಆಸರೆಯಾಗಬೇಕಿದ್ದ ಡೇರೆ ಗಾಳಿಯ ಆಚೆ ಇತ್ತು.

ಸಹಿ ಹಾಕುವ ಕಾಗದ

ಇಂಥ ಪ್ರವಾಸಗಳನ್ನು ನಡೆಸುವವರು ಹೊರಡುವ ಮೊದಲು ಒಂದು ಕಾಗದಕ್ಕೆ ಸಹಿ ಹಾಕಿಸಿಕೊಳ್ಳುವುದು ರೂಢಿ. ಏನೇ ಆದರೂ ನಾನೇ ಹೊಣೆ ಎಂಬುದು ಅದರ ತಾತ್ಪರ್ಯ. ಇರುವುದು ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರಗಳಲ್ಲಿ. ಕಚೇರಿಯ ಕಾಗದಪತ್ರ ತಮ್ಮ ಭಾಷೆಯಲ್ಲಿ ಬಾರದಿದ್ದರೆ ಏನಾಗುತ್ತದೆಂದು ಈ ಜಿಲ್ಲೆಯ ಕನ್ನಡಿಗರಿಗೆ ಹೇಳಿಕೊಡಬೇಕಾಗಿಲ್ಲ. ಮಕ್ಕಳು ಓದದೆ ಸಹಿ ಹಾಕುತ್ತಾರೆ, ತಂದೆತಾಯಿಗಳಿಗೆ ಓದಲು ಸಿಗುವುದೇ ಇಲ್ಲ. ಆ ಕಾಗದವನ್ನು ತರಿಸಿ ನೋಡುವ ಹಕ್ಕು ಹಿರಿಯರಿಗೆ ಉಂಟು. ಅದರೊಂದಿಗೆ ಕೇಳಬೇಕಾದ ಪ್ರಶ್ನೆಗಳೂ ಉಂಟು: ಒಬ್ಬ ದಾರಿತೋರುಗನಿಗೆ ಎಷ್ಟು ಮಂದಿ? ಅವನು ಪರ್ವತಾರೋಹಣ ಶಾಲೆಯಲ್ಲಿ ಕಲಿತವನೇ? ಆಮ್ಲಜನಕದ ಸಿಲಿಂಡರು ಇದೆಯೇ? ಮೊಬೈಲು ನಿಲುಕದಲ್ಲಿ ಸುದ್ದಿ ಮುಟ್ಟಿಸುವ ಏರ್ಪಾಡೇನು? ಹವೆ ಕೆಟ್ಟರೆ ಹಿಂದಕ್ಕೆ ತಿರುಗಿಸುವ ಅಧಿಕಾರ ದಾರಿತೋರುಗನಿಗಿದೆಯೇ, ಅಥವಾ ದೂರದ ಕಚೇರಿಯಲ್ಲಿ ಕುಳಿತವನಿಗೋ? ಕೊನೆಯ ಪ್ರಶ್ನೆಗೆ ತಡವರಿಸಿದರೆ ಆ ಸಂಸ್ಥೆಯನ್ನು ಬಿಟ್ಟುಬಿಡಬೇಕು.

ಇವನ್ನೆಲ್ಲ ಒಬ್ಬೊಬ್ಬ ತಂದೆ ಕೇಳಬೇಕಾಗಿ ಬಂದಿರುವುದೇ ಆಡಳಿತದ ಲೋಪ. ಚಳಿಗಾಲದ ಪ್ರವಾಸಕ್ಕೆ ಕರೆ ಕೊಟ್ಟ ಸರಕಾರಗಳು ಶಿಬಿರಗಳ ಮಿತಿ, ದಾರಿತೋರುಗರ ಅರ್ಹತೆ, ತುರ್ತಿನ ಸಂಪರ್ಕ ಇವಿಷ್ಟನ್ನು ಕಡ್ಡಾಯ ಮಾಡಿ, ಪಾಲಿಸದವರ ಪರವಾನಿಗೆ ಕಿತ್ತುಕೊಂಡರೆ ಹೆಚ್ಚಿನ ಕೆಲಸ ಮುಗಿಯಿತು. ಬಂದವರ ಲೆಕ್ಕವನ್ನು ಸಾಧನೆಯೆಂದು ಪ್ರಕಟಿಸುವ ಉತ್ಸಾಹ, ಹಿಂದಿರುಗಿದವರ ಲೆಕ್ಕ ಇಡುವುದರಲ್ಲೂ ಇರಬೇಕು.

ದಕ್ಷಿಣದವರಿಗೆ ಇನ್ನೊಂದು ವಿಶೇಷ ತೊಡಕಿದೆ, ಅದು ರೈಲಿನದ್ದು. ದಿಲ್ಲಿಯವನು ಹಿಮ ಬಿದ್ದ ಸುದ್ದಿ ಕೇಳಿ ಅದೇ ರಾತ್ರಿ ಬಸ್ಸು ಹತ್ತಬಹುದು. ನಮಗೆ ಕಾಸರಗೋಡಿನಲ್ಲಿ ಮಂಗಳಾ ಎಕ್ಸ್‌ಪ್ರೆಸ್ ಹತ್ತಿದರೆ ನಿಜಾಮುದ್ದೀನಿಗೆ ಎರಡು ರಾತ್ರಿ, ಅಲ್ಲಿಂದ ಡೆಹರಾಡೂನು, ಮತ್ತೆ ಒಂದು ಹಗಲು ಬೆಟ್ಟದ ರಸ್ತೆ. 2024ರ ನವೆಂಬರಿನಿಂದ ರೈಲಿನ ಮುಂಗಡ ಬುಕ್ಕಿಂಗು 60 ದಿನ ಮೊದಲು ತೆರೆಯುತ್ತದೆ. ರಜೆಯ ಕಾಲದಲ್ಲಿ ಅಂದೇ ಕೊಳ್ಳದಿದ್ದರೆ ಜಾಗ ಸಿಗುವುದು ಕಷ್ಟ. ಹವಾಮಾನದವರು ನೆಚ್ಚಿಕೊಳ್ಳುವಂತೆ ಹೇಳಬಲ್ಲದ್ದು ಒಂದು ವಾರದ ಮಾತು. ಹೀಗಾಗಿ ನಾವು ಹಿಮವನ್ನು ಕಾಣದೆಯೇ ಕೊಳ್ಳುವವರು. ಕೊಳ್ಳುವುದೇ ಆದರೆ ಕ್ರಿಸ್‌ಮಸ್ ವಾರವನ್ನು ಬಿಟ್ಟು ಫೆಬ್ರವರಿಯ ಮೊದಲ ಎರಡು ವಾರಗಳಿಗೆ ಕೊಳ್ಳುವುದು ಮೇಲು ಎಂಬುದು ಈಚಿನ ವರ್ಷಗಳ ಹಿಮವನ್ನು ನೋಡಿ ನಾವು ಹೇಳಬಹುದಾದ ಮಾತು. ಸಂದಣಿಯೂ ಕಡಿಮೆ. ಜತೆಗೆ ಎರಡು ದಿನ ಕೈಯಲ್ಲಿ ಹೆಚ್ಚಿಗೆ ಇರಲಿ. ಹಿಂದಿರುಗುವ ರೈಲಿನ ಅವಸರಕ್ಕೆ ಹಿಮಪಾತದಲ್ಲಿ ಬೆಟ್ಟ ಇಳಿದವರುಂಟು.

ಇದನ್ನು ಬರೆದು ಮುಗಿಸುವಷ್ಟರಲ್ಲಿ ಆ ವಾಚಕರೇ ಫೋನು ಮಾಡಿದರು. ಮಗಳೊಡನೆ ಮಾತಾಡಿದ್ದಾರೆ, ಅವಳು ಫೆಬ್ರವರಿಗೆ ಒಪ್ಪಿದ್ದಾಳೆ. "ಅರುವತ್ತು ದಾಟಿದವರಿಗೂ ಹೋಗುವಂಥ ಜಾಗ ಉಂಟೋ?" ಎಂದು ಸ್ವಲ್ಪ ಸಂಕೋಚದಿಂದ ವಿಚಾರಿಸಿದರು. ಸಾಂಕ್ರಿಯಲ್ಲಿ ಊರವರ ಮನೆಗಳಲ್ಲೇ ತಂಗಬಹುದು, ಎತ್ತರ ಊಟಿಗಿಂತ ಕಡಿಮೆ, ಬಿದ್ದ ವರ್ಷ ಹಿಮ ಅಂಗಳಕ್ಕೇ ಬರುತ್ತದೆ, ಮೊದಲು ವೈದ್ಯರಿಗೊಮ್ಮೆ ಎದೆ ತೋರಿಸಿ ಎಂದು ತಿಳಿಸಿದೆವು. ಉಣ್ಣೆಯ ಶಾಲು ಇದೆಯಂತೆ, ಅವರ ತಂದೆಯವರದ್ದು.